ಕೈಗೆ ಸಿಕ್ಕವರು

ಬೆಳಗಿನ ಹೊತ್ತು ಆ ಮನೆಯಲ್ಲಿ ಯಾವಾಗಲೂ ಗದ್ದಲ. ಇರುವ ಒಂದು ಬಚ್ಚಲಿಗೆ ಮೂವರ ಪೈಪೋಟಿ. ಮಗಳು ಕನ್ನಡಿ ಬಿಟ್ಟು ಕದಲುವವಳಲ್ಲ. ಗಂಡನಿಗೆ ಒಂದು ಕಾಲಿನ ಬೂಟು ಸಿಕ್ಕರೆ ಇನ್ನೊಂದು ಸಿಗದು. ಅಡುಗೆಮನೆಯಲ್ಲಿ ಎರಡು ಊಟದ ಡಬ್ಬಿಗಳ ಮುಚ್ಚಳ ಒತ್ತುತ್ತ ಅವಳು ಇಬ್ಬರನ್ನೂ ಒಟ್ಟಿಗೇ ಗದರುತ್ತಿದ್ದಳು.

"ನಾನೊಬ್ಬಳೇ ಹೋಗಿ ಇಬ್ಬರ ಹಾಜರಿ ಹಾಕ್ಲಾ?"

"ಹಾಕು. ಸಂಬಳಾನೂ ನೀನೇ ತಾನೇ ಇಸ್ಕೊಳ್ಳೋದು" ಎಂದು ಗಂಡ ಮಂಚದ ಕೆಳಗಿನಿಂದಲೇ ಉತ್ತರ ಕೊಟ್ಟ.

ಗಂಡ ಹೆಂಡತಿ ಇಬ್ಬರೂ ಫ್ಯಾನ್ ಕಾರ್ಖಾನೆಯವರು. ಅವನು ಪೇಂಟ್ ವಿಭಾಗದಲ್ಲಿ ರೆಕ್ಕೆಗಳಿಗೆ ಬಣ್ಣ ಹೊಡೆಯುತ್ತಿದ್ದ. ಅವಳು ಮೋಟಾರಿನೊಳಗೆ ಕೂರುವ ತಾಮ್ರದ ತಂತಿ ಸುತ್ತುತ್ತಿದ್ದಳು. ಅವಳ ಬೆರಳ ತುದಿಗಳಲ್ಲಿ ತಂತಿ ಕೊರೆದ ಸಣ್ಣ ಗೆರೆಗಳು ಕಪ್ಪಗೆ ನಿಂತುಬಿಟ್ಟಿದ್ದವು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಆ ಕೆಲಸದಲ್ಲಿ ಅವಳು ಎಷ್ಟು ಹಳಬಳೆಂದರೆ, ಕಾರ್ಖಾನೆಯಲ್ಲಷ್ಟೇ ಅಲ್ಲ, ಬೀದಿಯಲ್ಲೂ ಜನ ಅವಳನ್ನು ವೈಂಡಿಂಗಕ್ಕ ಎಂದೇ ಕರೆಯುತ್ತಿದ್ದರು.

ಇಬ್ಬರೂ ಓಡುನಡಿಗೆಯಲ್ಲಿ ಕಾರ್ಖಾನೆ ತಲುಪಿದಾಗ ದೊಡ್ಡ ಗೇಟು ಮುಚ್ಚಿತ್ತು. ಹೊರಗೆ ರಸ್ತೆಯ ತುಂಬ ಜನ. ಗೇಟಿನ ಒಳಗಡೆ ಹಾಜರಿ ಸಾಹೇಬರು ಒಂದು ಹಾಳೆ ಹಿಡಿದು ನಿಂತಿದ್ದರು. ಅವರು ಸಿಬ್ಬಂದಿ ಅಧಿಕಾರಿ. ದಿನವೂ ಗೇಟಿನಲ್ಲಿ ನಿಂತು ಕೈಗಡಿಯಾರ ನೋಡಿ ತಡವಾಗಿ ಬಂದವರ ಹೆಸರು ಬರೆದುಕೊಳ್ಳುತ್ತಿದ್ದರಿಂದ ಅವರಿಗೆ ಆ ಹೆಸರು ಬಿದ್ದಿತ್ತು. ಅವತ್ತು ಅವರು ಗಡಿಯಾರ ನೋಡಲಿಲ್ಲ. ಹಾಳೆಯಿಂದ ತಲೆ ಎತ್ತದೆ ಓದಿದರು. ನಷ್ಟದ ಕಾರಣ ಕಾರ್ಖಾನೆಯನ್ನು ಈ ದಿನದಿಂದಲೇ ಮುಚ್ಚಲಾಗಿದೆ. ಬಾಕಿ ಸಂಬಳದ ವಿಷಯ ಮುಂದೆ ತಿಳಿಸಲಾಗುವುದು. ಯಾರೂ ಒಳಗೆ ಬರುವಂತಿಲ್ಲ.

ಓದಿ ಮುಗಿದ ಮೇಲೂ ಜನ ಸುಮ್ಮನೆ ನಿಂತಿದ್ದರು, ಇನ್ನೂ ಏನೋ ಓದುವುದು ಉಳಿದಿದೆ ಎಂಬಂತೆ.

"ಒಳಗೆ ನನ್ನ ಚಪ್ಪಲಿ ಇದೆಯಪ್ಪ, ಚಪ್ಪಲಿ ಆದ್ರೂ ಕೊಡಿ" ಎಂದು ಟೆಸ್ಟಿಂಗ್ ಬೆಂಚಿನವಳು ಕೂಗಿದಳು. ಬಾಯಿ ಸುಮ್ಮನಿರದ ಅವಳನ್ನು ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಒಂದಿಬ್ಬರು ನಕ್ಕರು. ಆ ನಗು ಅರ್ಧಕ್ಕೇ ನಿಂತುಹೋಯಿತು. ಹಿಂದಿನಿಂದ ಯಾರೋ ಗೇಟಿಗೆ ಒದ್ದರು. ಆಮೇಲೆ ಕೂಗು ಶುರುವಾಯಿತು.

ವೈಂಡಿಂಗಕ್ಕ ಗಂಡನ ಮುಖ ನೋಡಿದಳು. ಅವನು ಊಟದ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಗೇಟಿನ ಸರಳುಗಳ ನಡುವಿನಿಂದ ಪೇಂಟ್ ವಿಭಾಗದ ಕಡೆ ನೋಡುತ್ತಿದ್ದ. ಒಬ್ಬರ ಕೆಲಸ ಹೋದರೆ ಇನ್ನೊಬ್ಬರದ್ದಿದೆ ಎಂದು ಕಷ್ಟಕಾಲದಲ್ಲೆಲ್ಲ ಅವರು ಹೇಳಿಕೊಳ್ಳುತ್ತಿದ್ದ ಮಾತಿಗೆ ಇನ್ನು ಅರ್ಥವಿರಲಿಲ್ಲ.

ಟಿವಿಯವರ ವ್ಯಾನು ಬಂದದ್ದು ಆಗ. ಊರಿನ ಸುದ್ದಿಯನ್ನಷ್ಟೇ ಹಾಕುವ ಸಣ್ಣ ವಾಹಿನಿ. ಇಳಿದು ಬಂದ ವರದಿಗಾರ್ತಿ ಚಿಕ್ಕ ವಯಸ್ಸಿನವಳು. ವ್ಯಾನಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡು, ಮೈಕು ಹಿಡಿದು, ಮಾತಾಡುವವರನ್ನು ಹುಡುಕತೊಡಗಿದಳು.

"ಇವಳನ್ನ ಕೇಳಿ! ಗಂಡ ಹೆಂಡತಿ ಇಬ್ಬರದ್ದೂ ಹೋಗಿದೆ!" ಎಂದು ರೇಡಿಯೋ ವೈಂಡಿಂಗಕ್ಕನನ್ನು ಮುಂದಕ್ಕೆ ತಳ್ಳಿದಳು.

ವರದಿಗಾರ್ತಿ ಮೈಕನ್ನು ಅವಳ ಬಾಯಿಗೆ ಹಿಡಿದಳು. "ಹೇಳಿ ಅಕ್ಕ, ಈಗ ನಿಮಗೆ ಏನನ್ನಿಸ್ತಿದೆ?"

"ಏನನ್ಸುತ್ತೆ? ಬೆಳಿಗ್ಗೆ ಡಬ್ಬಿ ಕಟ್ಕೊಂಡು ಬಂದ್ವಿ. ಬಾಗಿಲು ಹಾಕಿದೆ ಅಂದ್ರು."

"ಮನೆ ಹೇಗೆ ನಡೆಯುತ್ತೆ ಇನ್ಮೇಲೆ?"

"ಗೊತ್ತಿಲ್ಲಮ್ಮ."

"ಇದಕ್ಕೆಲ್ಲ ಯಾರು ಕಾರಣ ಅಂತೀರಿ?"

"ಕಂಪನಿ."

"ಕಂಪನಿ ಅಂದ್ರೆ ಯಾರಕ್ಕ? ಹೆಸರು ಹೇಳಿ. ಜನಕ್ಕೆ ಗೊತ್ತಾಗ್ಬೇಕಲ್ವಾ?"

ವೈಂಡಿಂಗಕ್ಕನಿಗೆ ಆ ಹೆಸರು ಗೊತ್ತಿರಲಿಲ್ಲ. ಇಷ್ಟು ವರ್ಷ ದುಡಿದರೂ ಕಾರ್ಖಾನೆಯ ಮಾಲೀಕರನ್ನು ಅವಳು ನೋಡಿದವಳಲ್ಲ. ಅವರು ಬೇರೆ ಊರಲ್ಲಿರುತ್ತಾರೆ ಎನ್ನುತ್ತಿದ್ದರು; ಬೇರೆ ದೇಶದಲ್ಲಿ ಎಂದೂ ಕೆಲವರು ಹೇಳುತ್ತಿದ್ದರು. ಕಣ್ಣೆದುರು ಕ್ಯಾಮರಾದ ಕಪ್ಪು ಗಾಜು, ಬೆನ್ನ ಹಿಂದೆ ನೂರಾರು ಜನರ ಉಸಿರು. ಅವಳು ಗೇಟಿನ ಕಡೆ ತಿರುಗಿದಳು. ಹಾಜರಿ ಸಾಹೇಬರು ಹಾಳೆಯನ್ನು ಮಡಿಸಿ ಜೇಬಿಗೆ ಇಡುತ್ತಿದ್ದರು.

"ಅಗೋ, ಅವರೇ" ಎಂದಳು. ಕೈ ತಾನಾಗಿಯೇ ಮೇಲೆದ್ದಿತು. "ಅವರಿಗೆ ಎಲ್ಲಾ ಗೊತ್ತಿತ್ತು. ನಿನ್ನೆ ಸಂಜೆ ನಮ್ಮನ್ನ ನೋಡಿ ನಗ್ತಾ ಹೋಗ್ಬನ್ನಿ ಅಂದ್ರಲ್ಲ! ನಮ್ಮ ತುತ್ತು ಕಿತ್ಕೊಂಡು ಇವತ್ತು ಅವರು ಹೊಟ್ಟೆ ತುಂಬ ಉಣ್ತಾರೆ. ಅವರ ಮಕ್ಕಳೂ ಉಣ್ತಾರೆ. ನನ್ನ ಮಗಳು..."

ಅಷ್ಟು ಹೊತ್ತು ಬಾರದಿದ್ದ ಅಳು ಆಗ ಒಮ್ಮೆಲೇ ಉಕ್ಕಿತು. ಕ್ಯಾಮರಾ ಇನ್ನೂ ಹತ್ತಿರ ಬಂತು.

ಅಂದು ಮಧ್ಯಾಹ್ನದಿಂದ ಆ ತುಣುಕು ಟಿವಿಯಲ್ಲಿ ಬಂದಿದ್ದೇ ಬಂದಿದ್ದು. ಅವಳ ಅಳುವ ಮುಖ, ಎತ್ತಿದ ಬೆರಳು, ಆಮೇಲೆ ಸರಳುಗಳ ಹಿಂದೆ ತಲೆ ತಗ್ಗಿಸಿ ನಡೆದುಹೋಗುವ ಹಾಜರಿ ಸಾಹೇಬರ ಬೆನ್ನು. ಕೆಳಗೆ ಕೆಂಪು ಪಟ್ಟಿಯಲ್ಲಿ "ಎಲ್ಲ ಗೊತ್ತಿದ್ದೂ ನಕ್ಕ ಅಧಿಕಾರಿ" ಎಂಬ ಅಕ್ಷರಗಳು. ಅಂಗಡಿಯವನು ಎದ್ದು ನಿಂತು ಮಾತಾಡಿಸಿದ. ರೇಡಿಯೋ ಮನೆಗೇ ಬಂದು ಕೆನ್ನೆ ಸವರಿ, "ನಮ್ಮೆಲ್ಲರ ಹೊಟ್ಟೆ ಉರಿ ನಿನ್ನ ಬಾಯಲ್ಲಿ ಬಂತು ಕಣೆ" ಎಂದಳು. ಕಾರ್ಖಾನೆಯಿಂದ ಬಂದವನೇ ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಗಂಡ ಎದ್ದು ಕುಳಿತು ಟಿವಿ ನೋಡಿದ. "ಸರಿಯಾಗಿ ಹೇಳಿದೆ" ಎಂದ. ಅವನು ಅವತ್ತು ಆಡಿದ ಮಾತು ಅದೊಂದೇ.

ಮಗಳು ಮಾತ್ರ ಮೊಬೈಲಿನಲ್ಲಿ ಅದರ ಕೆಳಗೆ ಜನ ಬರೆದದ್ದನ್ನು ಓದುತ್ತ ಸಪ್ಪಗಾದಳು.

"ಅಮ್ಮ, ಇವರು ನಮ್ಮ ಟ್ಯೂಷನ್ ಮೇಡಂ ಯಜಮಾನರಲ್ವಾ?"

"ಆದ್ರೇನೀಗ?"

"ಮನೆ ಎಲ್ಲಿದೆ ಅಂತ ಕೇಳ್ತಿದಾರೆ ಜನ. ಯಾರೋ ಬೀದಿ ಹೆಸರೂ ಬರೆದಿದಾರೆ."

"ಕೇಳ್ಲಿ ಬಿಡು. ಅವರು ನಮ್ಮನ್ನ ಕೇಳಿದ್ರಾ?"

ಮಗಳು ಮೊಬೈಲು ಕೆಳಗಿಟ್ಟು ಎದ್ದುಹೋದಳು. ಶಾಲೆಯ ಕೊನೆಯ ವರ್ಷ ಲೆಕ್ಕದಲ್ಲಿ ಅವಳನ್ನು ದಡ ಹತ್ತಿಸಿದ್ದು ಹಾಜರಿ ಸಾಹೇಬರ ಹೆಂಡತಿಯೇ. ಪರೀಕ್ಷೆ ಹತ್ತಿರ ಬಂದಾಗ ಭಾನುವಾರವೂ ಕೂರಿಸಿಕೊಂಡು ಹೇಳಿಕೊಟ್ಟಿದ್ದರು. ಇದು ವೈಂಡಿಂಗಕ್ಕನಿಗೂ ಗೊತ್ತಿತ್ತು. ಅವಳು ಪಾತ್ರೆಗಳನ್ನು ಬೇಕೆಂದೇ ಜೋರಾಗಿ ತೊಳೆಯತೊಡಗಿದಳು.

ಮರುದಿನದಿಂದ ಅವಳು ಕೆಲಸ ಹುಡುಕಿಕೊಂಡು ಹೊರಟಳು. ಮೋಟಾರು ರಿಪೇರಿ ಅಂಗಡಿಯವನು ಅವಳ ಬೆರಳು ನೋಡಿಯೇ ಕೆಲಸ ಬಲ್ಲವಳೆಂದು ತಿಳಿದ. ಆದರೆ ತನಗೇ ಗಿರಾಕಿಯಿಲ್ಲ ಎಂದು ಕೈ ಅಲ್ಲಾಡಿಸಿದ. ಪಂಪ್ ಕಾರ್ಖಾನೆಯಲ್ಲಿ, "ಈಗ ತಂತಿ ಸುತ್ತೋಕೆ ಮಿಷನ್ ಬಂದಿದೆಯಮ್ಮ" ಎಂದರು. ಬಟ್ಟೆ ಹೊಲಿಯುವ ಕಡೆ ವಯಸ್ಸು ಕೇಳಿ ಮುಖ ಮುಖ ನೋಡಿಕೊಂಡರು. ಎಲ್ಲಿ ಹೋದರೂ ಅವಳಿಗಿಂತ ಮುಂಚೆ ಫ್ಯಾನ್ ಕಾರ್ಖಾನೆಯವರು ಯಾರಾದರೂ ಬಂದು ಹೋಗಿರುತ್ತಿದ್ದರು. ಟಿವಿಯಲ್ಲಿ ಬಂದವಳೆಂದು ಗುರುತು ಹಿಡಿದವರು ಅಯ್ಯೋ ಪಾಪ ಎಂದರು. ಒಬ್ಬ ತನ್ನ ಮೊಬೈಲು ಎತ್ತಿ ಅವಳ ಜೊತೆ ಫೋಟೋ ತೆಗೆದುಕೊಂಡ. ಕೆಲಸ ಕೊಟ್ಟವರು ಯಾರೂ ಇಲ್ಲ.

ಗಂಡ ಮನೆಯಿಂದ ಹೊರಬೀಳುತ್ತಿರಲಿಲ್ಲ. ಹೇಳಿದರೆ ಉಣ್ಣುತ್ತಿದ್ದ, ಹೇಳದಿದ್ದರೆ ಇಲ್ಲ. "ನಾಳೆ ನೀವೂ ಒಂದ್ಸಲ ವಿಚಾರಿಸಿ ಬನ್ರೀ" ಎಂದರೆ, "ಯಾರನ್ನ?" ಎನ್ನುತ್ತಿದ್ದ. ಕೈಯಲ್ಲಿದ್ದುದನ್ನೆಲ್ಲ ಮಗಳ ಕಾಲೇಜಿಗೆ ಆಗಲೇ ಸುರಿದಾಗಿತ್ತು. ಡಬ್ಬಗಳ ತಳ ಕಾಣತೊಡಗಿತ್ತು.

ಹೀಗೇ ಒಂದು ಬೆಳಿಗ್ಗೆ ಕೆಲಸ ಕೇಳಲು ಹೋಗುತ್ತ ಅವಳು ಹಾಜರಿ ಸಾಹೇಬರ ಬೀದಿಯನ್ನು ದಾಟಬೇಕಾಯಿತು. ಅವರ ಬಾಡಿಗೆ ಮನೆ ರಸ್ತೆಯ ಅಂಚಿಗೇ ಇತ್ತು. ಕಿಟಕಿಗಳೆಲ್ಲ ಮುಚ್ಚಿದ್ದವು. ಮುಂದಿನ ಗೋಡೆಯ ಮೇಲೆ, ಬಾಗಿಲಿನಿಂದ ಮೂಲೆಯವರೆಗೆ, ಆಳೆತ್ತರದ ಅಕ್ಷರಗಳಲ್ಲಿ "ದ್ರೋಹಿ" ಎಂದು ಬರೆದಿತ್ತು. ಬೂದು ಬಣ್ಣ. ಇಳಿದ ಬಣ್ಣ ಗೋಡೆಯ ಬುಡದಲ್ಲಿ ಇನ್ನೂ ಅಂಟಂಟಾಗಿತ್ತು. ಎದುರು ಮನೆಯ ಹೆಂಗಸು ನಲ್ಲಿಯ ಬಳಿ ನಿಂತು, "ಟ್ಯೂಷನ್ನಿಗೆ ಒಂದು ಮಗೂನೂ ಬರ್ತಿಲ್ಲ ಈಗ. ಒಳ್ಳೇದೇ ಆಯ್ತು" ಎಂದು ಅವಳನ್ನು ಮೆಚ್ಚಿಸುವಂತೆ ಹೇಳಿದಳು.

ವೈಂಡಿಂಗಕ್ಕ ಕೆಲಸ ಕೇಳಲು ಹೋಗಲಿಲ್ಲ. ನೇರ ಮನೆಗೆ ಬಂದಳು. ಗಂಡ ಮಲಗಿದ್ದ. ಅವನ ಕೈ ಎಳೆದು ಬೆಳಕಿಗೆ ಹಿಡಿದಳು. ಉಗುರಿನ ಸಂದುಗಳಲ್ಲಿ ಬೂದು ಬಣ್ಣ. ಅವನು ದಿನವೂ ಫ್ಯಾನಿನ ರೆಕ್ಕೆಗೆ ಹೊಡೆಯುತ್ತಿದ್ದ ಬಣ್ಣ.

"ನೀವಾ?"

ಅವನು ಕೈ ಬಿಡಿಸಿಕೊಳ್ಳಲಿಲ್ಲ. "ಮನೇಲಿ ಒಂದು ಡಬ್ಬ ಉಳಿದಿತ್ತು. ರಾತ್ರಿ ನೀವೆಲ್ಲ ಮಲಗಿದ ಮೇಲೆ ಹೋದೆ."

"ಹೆಂಡತಿ ಮಗು ಇರೋ ಮನೆ ಅದು. ನಮ್ಮ ಮಗಳಿಗೆ ಪಾಠ ಹೇಳಿದವರ ಮನೆ. ಹೀಗೆ ಮಾಡೋಕೆ ಮನಸ್ಸಾದ್ರೂ ಹೇಗೆ ಬಂತ್ರೀ?"

ಅವನು ಎದ್ದು ಕುಳಿತ. ಎಷ್ಟೋ ದಿನಗಳ ನಂತರ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ನೀನು ಬಾಯಲ್ಲಿ ಹೇಳಿದ್ದನ್ನೇ ನಾನು ಗೋಡೆ ಮೇಲೆ ಬರೆದೆ. ನೀನು ಹೇಳಿದಾಗ ಊರೇ ಶಭಾಷ್ ಅಂತು. ನಾನು ಬರೆದ್ರೆ ತಪ್ಪಾ?"

ಅವಳು ಹಿಡಿದಿದ್ದ ಅವನ ಕೈ ಬಿಟ್ಟಳು. ಅವನು ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ.

ಅದರ ಮರುದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಟ್ಯೂಷನ್ ಮೇಡಂ. ಕಾಲಲ್ಲಿ ಚಪ್ಪಲಿಯಿಲ್ಲ. ಮಾತಾಡುವ ಮುನ್ನ ಉಸಿರು ಸುಧಾರಿಸಿಕೊಳ್ಳಲು ಚೌಕಟ್ಟು ಹಿಡಿದುಕೊಂಡರು.

"ನಮ್ಮನೆಯವರು ಬೆಳಿಗ್ಗೆ ಹೋದವರು ಬಂದಿಲ್ಲ" ಎಂದರು. "ಫೋನು ಮೇಜಿನ ಮೇಲಿದೆ. ಗಡಿಯಾರಾನೂ ಬಿಚ್ಚಿಟ್ಟು ಹೋಗಿದ್ದಾರೆ. ಮಲಗೋವಾಗ್ಲೂ ಬಿಚ್ಚದೋರು."

ವೈಂಡಿಂಗಕ್ಕ ಬಾಗಿಲನ್ನು ಪೂರ್ತಿ ತೆರೆದಳು. "ಪೊಲೀಸರಿಗೆ..."

"ಹೋಗಿದ್ದೆ. ಸಂಜೆ ತನಕ ನೋಡೋಣ ಅಂದ್ರು. ಅಕ್ಕಪಕ್ಕದವರು ಬಾಗಿಲೇ ತೆಗೀಲಿಲ್ಲ." ಅವರ ದನಿಯಲ್ಲಿ ಕೋಪವಿರಲಿಲ್ಲ; ಕೋಪಕ್ಕೆ ಬೇಕಾದ ತ್ರಾಣವೂ ಇದ್ದಂತಿರಲಿಲ್ಲ. "ಅವರಿಗೆ ಎಲ್ಲಾ ಗೊತ್ತಿತ್ತು ಅಂತ ಅವತ್ತು ಹೇಳಿದ್ರಲ್ಲ ನೀವು. ಅವರ ಬಗ್ಗೆ ನಿಮಗೂ ಗೊತ್ತಿರಬಹುದು ಅಂತ ಬಂದೆ. ಎಲ್ಲಿ ಹುಡುಕಲಿ, ಹೇಳಿ."

ವೈಂಡಿಂಗಕ್ಕ ಒಳಗೆ ಹೋಗಿ ತನ್ನ ಇನ್ನೊಂದು ಜೊತೆ ಚಪ್ಪಲಿ ತಂದು ಅವರ ಕಾಲ ಬಳಿ ಇಟ್ಟಳು. "ಹಾಕ್ಕೊಳ್ಳಿ. ನಡೀರಿ" ಎಂದಳು. ಗಂಡ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಏಳಲಿಲ್ಲ.

ಇಬ್ಬರೂ ಬಸ್ ನಿಲ್ದಾಣಕ್ಕೆ ಹೋದರು. ಆಸ್ಪತ್ರೆಗೆ ಹೋಗಿ, ಕೇಳಬಾರದ ಪ್ರಶ್ನೆಯನ್ನು ಕೇಳಿ, ಇಲ್ಲವೆಂಬ ಉತ್ತರಕ್ಕೆ ಗೋಡೆ ಹಿಡಿದು ನಿಂತು ಹೊರಬಂದರು. ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನೊಬ್ಬನೇ ಇದ್ದ. "ಬೆಳಿಗ್ಗೆ ಬಂದಿದ್ರು. ಶಿಫ್ಟಿನ ಹೊತ್ತಿಗೆ ಸರಿಯಾಗಿ. ಸ್ವಲ್ಪ ಹೊತ್ತು ಇಲ್ಲೇ ನಿಂತಿದ್ರು. ಆಮೇಲೆ ರೈಲ್ವೆ ಲೈನ್ ಕಡೆ ಹೋದ್ರು" ಎಂದ.

ಅದನ್ನು ಕೇಳಿದ ಮೇಲೆ ಇಬ್ಬರೂ ಓಡಿದರು.

ಹಳಿಗಳ ಮೇಲೆ ಜನ ದಾಟಲು ಕಟ್ಟಿದ ಕಬ್ಬಿಣದ ಮೇಲ್ಸೇತುವೆ ಅದು. ಹಾಜರಿ ಸಾಹೇಬರು ಸೇತುವೆಯ ನಡುವೆ ಕಟಕಟೆಗೆ ಒರಗಿ ಕೆಳಗೆ ಕುಳಿತಿದ್ದರು. ಒಗೆದು ಇಸ್ತ್ರಿ ಮಾಡಿದ ಅಂಗಿ, ಬಿಳಿಚಿದ ಮುಖ. ದಾಟಿ ಹೋಗುವವರು ಅವರ ಚಾಚಿದ ಕಾಲು ತುಳಿಯದಂತೆ ಸುತ್ತಿ ಹೋಗುತ್ತಿದ್ದರು. ಹೆಂಡತಿಯನ್ನು ಕಂಡು ಅವರು ಮುಖ ಮುಚ್ಚಿಕೊಂಡರು. ಆಕೆ ಏನೂ ಕೇಳದೆ ಪಕ್ಕದಲ್ಲಿ ಕುಳಿತು ಅವರ ಅಂಗಿಯ ತೋಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

ಕೆಳಗೆ ಒಂದು ಗೂಡ್ಸ್ ರೈಲು ಹಾದುಹೋಯಿತು. ಸೇತುವೆ ನಡುಗಿ ನಿಂತ ಮೇಲೆ ಸಾಹೇಬರು ವೈಂಡಿಂಗಕ್ಕನ ಕಡೆ ನೋಡಿದರು.

"ನೀವು ಹೇಳಿದ್ದು ಸುಳ್ಳಲ್ಲಕ್ಕ" ಎಂದರು. ಅಷ್ಟು ವರ್ಷಗಳಲ್ಲಿ ಅವರು ಅವಳನ್ನು ಅಕ್ಕ ಎಂದದ್ದು ಅದೇ ಮೊದಲು. "ನಂಗೆ ಗೊತ್ತಿತ್ತು. ಮೇಲಿನವರು ಮುಂಚೇನೇ ಹೇಳಿದ್ರು. ಬಾಯಿ ಬಿಟ್ರೆ ನೀನೇ ಮೊದಲು ಹೋಗ್ತೀಯ, ಸುಮ್ನಿದ್ರೆ ಇನ್ನೊಂದು ಕಾರ್ಖಾನೆಗೆ ಕಳಿಸ್ತೀವಿ ಅಂದ್ರು. ಸುಮ್ನಿದ್ದೆ. ಅವತ್ತು ನಿಮ್ಮ ಮುಂದೆ ಓದಿ ಒಳಗೆ ಹೋದೆ ನೋಡಿ, ನನ್ನ ಗೇಟ್ ಪಾಸೂ ಇಸ್ಕೊಂಡು ಹಿಂದಿನ ಬಾಗಿಲಿಂದ ಕಳಿಸಿದ್ರು."

ಕರುಣೆಯಿಂದ ಬಂದವಳಿಗೆ ಸಿಟ್ಟು ನೆತ್ತಿಗೇರಿತು.

"ಒಂದು ಮಾತು ಹೇಳಿದ್ರೆ ನಾವು ಅಷ್ಟರಲ್ಲಿ ಬೇರೆ ಕೆಲಸ ನೋಡ್ಕೋತಿದ್ವಿ. ಇದ್ದಿದ್ದನ್ನ ಬರಿದು ಮಾಡ್ಕೊಳ್ತಿರಲಿಲ್ಲ. ನಮ್ಮೆಜಮಾನರು ಹಾಸಿಗೆ ಬಿಟ್ಟು ಏಳ್ತಿಲ್ಲ, ಗೊತ್ತಾ ನಿಮಗೆ?"

"ದಿನಾ ಸಂಜೆ ಹೇಳ್ಬೇಕು ಅಂದ್ಕೊಳ್ತಿದ್ದೆ. ಗೇಟಲ್ಲಿ ನೀವೆಲ್ಲ ಎದುರಿಗೆ ಬಂದಾಗ ಹೋಗ್ಬನ್ನಿ ಅಂತಷ್ಟೇ ಬಾಯಿಗೆ ಬರ್ತಿತ್ತು." ಸ್ವಲ್ಪ ತಡೆದು ಅವರು, "ಮಗಳು ಶಾಲೆಗೆ ಹೋಗಲ್ಲ ಅಂತಾಳೆ. ಗೋಡೆ ಮೇಲೆ ಬರೆದದ್ದನ್ನ ಓದಿ ಅರ್ಥ ಏನಪ್ಪ ಅಂತ ಕೇಳಿದ್ಲು" ಎಂದರು.

ವೈಂಡಿಂಗಕ್ಕ ಕೆಳಗಿನ ಹಳಿಗಳನ್ನು ನೋಡಿದಳು. ಅವಳಿಗೆ ಮನೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿದ ಗಂಡನ ಬೆನ್ನು ಕಣ್ಣಿಗೆ ಕಟ್ಟಿತು. ಇವರ ಬದಲು ಅವನು ಇಲ್ಲಿ ಬಂದು ಕೂತಿದ್ದರೆ? ಯೋಚನೆಯನ್ನು ಅಲ್ಲಿಗೇ ಕಡಿದುಹಾಕಿದಳು.

"ನಿಮ್ಮ ಮೇಲಿನ ಸಿಟ್ಟು ನಂಗೆ ಹೋಗಿಲ್ಲ" ಎಂದಳು. "ಹೋಗುತ್ತೆ ಅಂತಾನೂ ಹೇಳಲ್ಲ. ನಾಳೆ ಮತ್ತೆ ಬೈಬೇಕು ಅನ್ಸಿದ್ರೆ ಬೈಸ್ಕೊಳ್ಳೋಕೆ ನೀವಿರ್ಬೇಕಲ್ಲ. ಏಳಿ. ಮಗು ಒಂದೇ ಇದೆ ಮನೇಲಿ."

ಮೂವರೂ ಬೀದಿಗೆ ತಿರುಗುವಷ್ಟರಲ್ಲಿ ಮನೆಯ ಮುಂದೆ ಜನ ನೆರೆದಿದ್ದರು. ಸಾಹೇಬರು ಊರು ಬಿಟ್ಟು ಓಡಿಹೋದರೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ಟಿವಿಯ ವ್ಯಾನೂ ಬಂದಿತ್ತು. ಕಾರ್ಖಾನೆಯವರೇ ಹೆಚ್ಚು, ರೇಡಿಯೋ ಮುಂದೆಯೇ ಇದ್ದಳು. ಮುಚ್ಚಿದ ಕಿಟಕಿಯ ಸಂದಿನಲ್ಲಿ ಒಂದು ಪುಟ್ಟ ಮುಖ ಕಾಣಿಸಿ ಮರೆಯಾಯಿತು. ಸಾಹೇಬರನ್ನು ನೋಡಿದ್ದೇ ತಡ, ಜನ ಮುನ್ನುಗ್ಗಿದರು. "ಬಂದ ನೋಡು! ನಮ್ಮ ಸಂಬಳ ಎಲ್ಲಿ ಇಟ್ಟಿದೀಯೋ?" ಎಂದು ಒಬ್ಬ ಅವರ ಕೊರಳಪಟ್ಟಿಗೆ ಕೈಹಾಕಿದ.

ವೈಂಡಿಂಗಕ್ಕ ಆ ಕೈಯನ್ನು ಹಿಡಿದು ಇಳಿಸಿದಳು. ತಂತಿ ಎಳೆದೆಳೆದು ಗಟ್ಟಿಯಾದ ಹಿಡಿತ; ಅವನು ಕೊಸರಿಕೊಳ್ಳಲಾರದೆ ಅವಳ ಮುಖ ನೋಡಿದ. ಸಾಹೇಬರನ್ನೂ ಅವರ ಹೆಂಡತಿಯನ್ನೂ ಬಾಗಿಲೊಳಗೆ ಬಿಟ್ಟು ಅವಳು ಮೆಟ್ಟಿಲ ಮೇಲೆ ಅಡ್ಡ ನಿಂತಳು. ವರದಿಗಾರ್ತಿ ಓಡಿಬಂದು ಮೈಕು ಹಿಡಿದಳು.

"ಅಕ್ಕ, ಅವತ್ತು ಇವರೇ ಕಾರಣ ಅಂದವರು ನೀವು. ಇವತ್ತು ಇವರ ಪರ ನಿಂತಿದ್ದೀರಲ್ಲ?"

"ಪರ ಅಲ್ಲಮ್ಮ" ಎಂದಳು. "ಅವತ್ತು ನೀನು ಕಂಪನಿ ಅಂದ್ರೆ ಯಾರು ಅಂತ ಕೇಳಿದೆ. ನಂಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು. ಇವರು ಕಣ್ಣಿಗೆ ಬಿದ್ರು, ಬೆರಳು ತೋರಿಸಿಬಿಟ್ಟೆ. ಬಾಗಿಲು ಹಾಕಿದವರು ಎಲ್ಲೋ ಇದ್ದಾರೆ. ಇವರು ಕೈಗೆ ಸಿಗ್ತಿದ್ರು, ಅದಕ್ಕೆ."

"ಅವನಿಗೆ ಗೊತ್ತಿತ್ತೋ ಇಲ್ವೋ, ಅದನ್ನ ಹೇಳು!" ಎಂದು ಹಿಂದಿನಿಂದ ಕೂಗು ಬಂತು.

ಅವಳು ಮುಚ್ಚಿದ ಕಿಟಕಿಯ ಕಡೆ ನೋಡಿದಳು. ಸುಳ್ಳು ಹೇಳಿದರೆ ಜನ ಇಷ್ಟಕ್ಕೇ ಹೊರಟುಹೋಗುತ್ತಿದ್ದರೇನೋ.

"ಗೊತ್ತಿತ್ತು. ಅವರೇ ಒಪ್ಪಿದ್ರು. ನಂಗೂ ಹೊಟ್ಟೆ ಉರೀತು. ಸುಮ್ನಿದ್ರೆ ಕೆಲಸ ಉಳಿಸ್ತೀವಿ ಅಂದ್ರಂತೆ, ಸುಮ್ನಿದ್ರು. ಅದೇ ದಿನ ಅವರನ್ನೂ ಆಚೆ ಹಾಕಿದ್ರು. ನೀವು ಆ ಜಾಗದಲ್ಲಿದ್ದಿದ್ರೆ ಬಾಯಿ ಬಿಡ್ತಿದ್ರಾ? ಬಿಡ್ತಿದ್ದೆ ಅನ್ನೋರು ಕೈ ಎತ್ತಿ."

ಯಾರೂ ಎತ್ತಲಿಲ್ಲ.

"ನಾನೂ ಎತ್ತಲ್ಲ" ಎಂದಳು. "ಬೆಳಿಗ್ಗೆ ಹೋದ ಮನುಷ್ಯ ರೈಲ್ವೆ ಸೇತುವೆ ಮೇಲೆ ಸಿಕ್ಕಿದ್ರು ನಮಗೆ. ನಾನು ಅವತ್ತು ಆಡಿದ ಮಾತು ಅಲ್ಲೀತನಕ ಹೋಗಿತ್ತು. ಇನ್ನು ಮುಂದಕ್ಕೆ ಹೋಗೋದು ಬೇಡ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳದೆ ನಿಂತರು. ರೇಡಿಯೋ ಕೂಡ ಬಾಯಿ ತೆರೆಯಲಿಲ್ಲ. ಕೊರಳಪಟ್ಟಿ ಹಿಡಿದಿದ್ದವನು ತನ್ನ ಮಣಿಕಟ್ಟು ಉಜ್ಜಿಕೊಳ್ಳುತ್ತ, "ಹಾಗಾದ್ರೆ ನಾವು ಯಾರನ್ನ ಕೇಳೋದು?" ಎಂದ. ಅದು ಗದರಿಕೆಯ ದನಿಯಾಗಿರಲಿಲ್ಲ. ದಿಕ್ಕು ಕಾಣದವನ ಪ್ರಶ್ನೆಯಾಗಿತ್ತು. ಅವಳಿಗೂ ಗೊತ್ತಿರಲಿಲ್ಲ. ಈ ಸಲ ಅವಳು ಹಾಗೆಂದೇ ಹೇಳಿದಳು.

"ಗೊತ್ತಿಲ್ಲಪ್ಪ. ಗೊತ್ತಿರೋರ್ನ ಹುಡುಕೋಣ. ಒಬ್ಬರ ಮನೆ ಮುಂದೆ ಒಬ್ಬರು ನಿಂತ್ಕೊಂಡು ಅಲ್ಲ."

ಜನ ಚದುರಿದ ಮೇಲೆ ವರದಿಗಾರ್ತಿ ಮೈಕಿನ ವೈರು ಸುತ್ತುತ್ತ ಅವಳ ಬಳಿ ಬಂದಳು. "ನೀವಿವತ್ತು ಹೇಳಿದ್ದು ಬರಲ್ಲ ಅನ್ಸುತ್ತೆ ಅಕ್ಕ" ಎಂದು ಮೆಲ್ಲಗೆ ಹೇಳಿದಳು. "ಅಳು, ಜಗಳ ಇದ್ರೆ ಹಾಕ್ತಾರೆ. ನಮ್ಮಲ್ಲೂ ಜನರನ್ನ ತೆಗೀತಿದ್ದಾರೆ. ಯಾರ ಸುದ್ದಿ ಓಡುತ್ತೋ ಅವರು ಉಳೀತಾರೆ. ಅವತ್ತು ನಿಮ್ಮದು ಓಡ್ತು, ನಾನು ಉಳಿದೆ." ಅವಳ ಕಣ್ಣುಗಳು ಕೆಂಪಾಗಿದ್ದವು. "ಮಾಲೀಕರ ಕಡೆಯವರಿಗೆ ದಿನಾ ಫೋನ್ ಮಾಡ್ತಿದ್ದೀನಿ. ಎತ್ತಲ್ಲ. ಬಿಡಲ್ಲ ಅಕ್ಕ, ಮಾಡ್ತೀನಿ."

"ಮಾಡಮ್ಮ" ಎಂದಳು ವೈಂಡಿಂಗಕ್ಕ. ಮಗಳ ವಯಸ್ಸಿಗಿಂತ ಹೆಚ್ಚಿರಲಿಕ್ಕಿಲ್ಲ ಈ ಹುಡುಗಿಗೆ ಎಂದುಕೊಂಡಳು.

ಆ ಸಂಜೆಯ ಸುದ್ದಿಯಲ್ಲಿ ಅವಳ ಮಾತು ಬರಲಿಲ್ಲ. ಬಂದದ್ದು ಕೊರಳಪಟ್ಟಿಗೆ ಕೈಹಾಕಿದ ದೃಶ್ಯ ಮಾತ್ರ. ಗಂಡ ಅದನ್ನು ನೋಡಿದ. ಅವಳು ನಡೆದುದೆಲ್ಲವನ್ನೂ ಹೇಳಿದಳು: ಸೇತುವೆ, ಗೂಡ್ಸ್ ರೈಲು, ಗೋಡೆಯನ್ನು ಓದಿ ಅರ್ಥ ಕೇಳಿದ ಮಗು. ಬರೆದವರು ಯಾರೆಂದು ತಾನು ಯಾರಿಗೂ ಹೇಳಿಲ್ಲವೆಂದೂ ಹೇಳಿದಳು. ಅವನು ತಟ್ಟೆಯಲ್ಲಿದ್ದುದನ್ನು ಅರ್ಧಕ್ಕೇ ಬಿಟ್ಟು ಕೈತೊಳೆದ.

ಬೆಳಿಗ್ಗೆ ಅವಳಿಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಬರಿದಾಗಿತ್ತು. ಬಚ್ಚಲಲ್ಲಿ ಇಲ್ಲ. ಹಿತ್ತಲಲ್ಲಿ ಇಲ್ಲ. ಮೊಬೈಲು ಕಿಟಕಿಯಲ್ಲೇ ಇತ್ತು. ಮಗಳನ್ನು ಎಬ್ಬಿಸಿ, "ಅಪ್ಪನ್ನ ನೋಡಿದ್ಯಾ?" ಎಂದು ಕೇಳಿದ ತನ್ನ ದನಿ ತನಗೇ ಬೇರೆಯವರದ್ದೆನಿಸಿತು. ಮಗಳು ಹೊದಿಕೆ ಕಿತ್ತೆಸೆದು ಎದ್ದಳು. ತಾಯಿ ಮಗಳಿಬ್ಬರೂ ಬೀದಿಗೆ ಓಡಿದರು. ವೈಂಡಿಂಗಕ್ಕನ ಕಾಲುಗಳು ಅವಳನ್ನು ಕೇಳದೆಯೇ ರೈಲ್ವೆ ಲೈನಿನ ದಾರಿ ಹಿಡಿದವು.

ಆ ದಾರಿಗೆ ಸಾಹೇಬರ ಬೀದಿಯನ್ನು ದಾಟಿಯೇ ಹೋಗಬೇಕು. ತಿರುವಿನಲ್ಲಿ ಮೊದಲು ಮೂಗಿಗೆ ಬಡಿದದ್ದು ಬಣ್ಣ ಕರಗಿಸುವ ಥಿನ್ನರಿನ ವಾಸನೆ. ಆಮೇಲೆ ಅವನು ಕಂಡ. ಸ್ಟೂಲಿನ ಮೇಲೆ ನಿಂತು, ಚಿಂದಿಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ, ಗೋಡೆಯನ್ನು ಉಜ್ಜುತ್ತಿದ್ದ. ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು. ಕೆಳಗೆ ಹಾಜರಿ ಸಾಹೇಬರು ಅಲುಗುವ ಸ್ಟೂಲಿನ ಕಾಲುಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು ಕುಕ್ಕರಗಾಲಿನಲ್ಲಿ ಕುಳಿತಿದ್ದರು.

ಅವಳು ಅಲ್ಲೇ ಕಂಬಕ್ಕೆ ಒರಗಿ ನಿಂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಎನಾಮಲ್ ಪೇಂಟ್ ಅಲ್ವಾ ಸಾರ್, ಗೋಡೆ ಒಳಗೆ ಇಳಿದುಬಿಟ್ಟಿದೆ" ಎನ್ನುತ್ತಿದ್ದ ಗಂಡ. ತಲೆ ತಗ್ಗಿಸಿಯೇ ಹೇಳುತ್ತಿದ್ದ. "ಪೂರ್ತಿ ಹೋಗಲ್ಲ. ಮೇಲೊಂದು ಕೋಟು ಸುಣ್ಣ ಹೊಡೀಬೇಕು."

"ಎಷ್ಟು ಹೋಗುತ್ತೋ ಅಷ್ಟು ಹೋಗ್ಲಿ" ಎಂದರು ಸಾಹೇಬರು.

ಯಾರು ಬರೆದದ್ದೆಂದು ಅವನು ಹೇಳಿದನೋ, ಅವರು ಕೇಳಿದರೋ, ಅವಳಿಗೆ ತಿಳಿಯಲಿಲ್ಲ. ಆಮೇಲೂ ಅವಳು ಅದನ್ನು ವಿಚಾರಿಸಲಿಲ್ಲ. ಮಗಳು ತಾಯಿಯ ಕೈ ಬಿಟ್ಟು ನೇರ ಬಾಗಿಲಿಗೆ ಹೋಗಿ, "ಮೇಡಂ, ಪುಟ್ಟಿನ ನಾನು ಶಾಲೆಗೆ ಬಿಟ್ಟು ಬರ್ಲಾ?" ಎಂದು ಒಳಗೆ ಕೂಗಿದಳು.

ಸೆರಗಿನಿಂದ ಕಣ್ಣೊರೆಸಿಕೊಂಡು ವೈಂಡಿಂಗಕ್ಕ ಮುಂದೆ ಬಂದಳು. ಗಂಡನಿಗೆ ಅವಳು ಬಂದದ್ದು ಗೊತ್ತಾಯಿತು, ತಿರುಗಿ ನೋಡಲಿಲ್ಲ. ಕೆಳಗೆ ಥಿನ್ನರಿನ ಡಬ್ಬದ ಪಕ್ಕದಲ್ಲಿದ್ದ ಇನ್ನೊಂದು ಚಿಂದಿಯನ್ನು ಕಾಲಿನ ತುದಿಯಿಂದ ಅವಳಿಗೆ ತೋರಿಸಿದ. ಕೈಗೆಟುಕುವಷ್ಟು ಎತ್ತರದಲ್ಲಿ ಮೊದಲ ಅಕ್ಷರದ ಬಾಲ ಇನ್ನೂ ಹಾಗೇ ಇತ್ತು. ಅವಳು ಬಟ್ಟೆಯನ್ನು ಅದ್ದಿ ಹಿಂಡಿ, ಅಲ್ಲಿಂದ ಉಜ್ಜಲು ಶುರುಮಾಡಿದಳು.